ಚಾಚಾ ಕಟ್ಟಿದ ಎರಡು ಪಟ್ಟಿ

ಅಂಗಿಯ ತೋಳು ಮಡಚಿದಾಗ ಚಾಚಾ ಅವರ ಎಡ ಮೊಣಕೈಯ ಒಳಬದಿಯಲ್ಲಿ ಸಾಸಿವೆ ಕಾಳು ಕೂರುವಷ್ಟು ಸಣ್ಣದೊಂದು ಗುಳಿ ಕಾಣುತ್ತಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ದಪ್ಪ ಸೂಜಿ ಚುಚ್ಚಿಸಿಕೊಂಡವರಿಗೆ ಬೀಳುವ ಗುಳಿ ಅದು. ನಾನದನ್ನು ಮೊದಲು ನೋಡಿದ್ದು ಚೆಂಬೂರಿನ ಅವರ ಮನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಚಾಚಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಚಾಚಿ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿಕೊಂಡು ಮೆಂತ್ಯಸೊಪ್ಪು ಸೋಸುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ, ಭಾಂಡುಪಿನಿಂದ ಬಂದಿದ್ದ ಲಿಫ್ಟ್ ರಿಪೇರಿಯ ತರುಣ ಕೂತು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. ಸಯನ್ನಿನಿಂದ ಬಸ್ಸು ಹಿಡಿದು ಬಂದ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕಾಲೇಜಿನ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದೆ.

ಚಾಚಾ ನಮಗ್ಯಾರಿಗೂ ಸಂಬಂಧಿಕರಲ್ಲ. ವಿಜಯಪುರದ ಕಡೆಯವರು, ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಚೆಂಬೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗ ಸೇರಿ, ಆ ವಿಭಾಗ ಮುಚ್ಚಿದಾಗ ಅವಧಿಗೆ ಮೊದಲೇ ಮನೆಗೆ ಬಂದವರು. ಮಕ್ಕಳಿರಲಿಲ್ಲ. ಮನೆಯಲ್ಲಿ ಗಂಡ ಹೆಂಡತಿ ದಖನಿ ಉರ್ದು ಆಡುತ್ತಿದ್ದರು, ಜಗಳಕ್ಕೆ ಮಾತ್ರ ಕನ್ನಡ. ನನ್ನದು ಧಾರವಾಡದ ಮನೆತನವಾದರೂ ಹುಟ್ಟಿ ಬೆಳೆದದ್ದು ಸಯನ್ನಿನಲ್ಲಿ. ನನಗೆ ಬರುವ ಕನ್ನಡವೆಲ್ಲ ಅಜ್ಜಿಯ ಮಡಿಲಲ್ಲಿ ಬಂದದ್ದು. ನನ್ನ ಬಾಯಲ್ಲಿ ಆ ಮುದುಕಿಯ ಮಾತು ಕೇಳಿ ಚಾಚಾ ನಗುತ್ತಿದ್ದರು. “ಎಪ್ಪತ್ತು ವರ್ಷದ ಹುಡುಗಿ ಬಂದಳು” ಅಂತ ಚಾಚಿಗೆ ಕೂಗಿ ಹೇಳುತ್ತಿದ್ದರು.

ಅವರ ಭಾನುವಾರದ ಕೆಲಸವನ್ನು ಮೊದಲು ಹೇಳಬೇಕು. ನಮ್ಮ ಕಡೆಯಿಂದ, ಬೆಳಗಾವಿ, ವಿಜಯಪುರ, ಧಾರವಾಡದಿಂದ, ರಕ್ತದ ಕ್ಯಾನ್ಸರ್ ಆದವರು ಮುಂಬಯಿಯ ದೊಡ್ಡಾಸ್ಪತ್ರೆಗೆ ಬರುತ್ತಾರೆ. ಅವರಿಗೆ ಪದೇ ಪದೇ ಬೇಕಾಗುವುದು ಪ್ಲೇಟ್‌ಲೆಟ್, ಅಂದರೆ ರಕ್ತವನ್ನು ಹೆಪ್ಪುಗಟ್ಟಿಸುವ ಕಣ. ದಾನಿಯ ತೋಳಿನಿಂದ ರಕ್ತ ಮಶೀನಿಗೆ ಹೋಗುತ್ತದೆ, ಆ ಕಣ ಅಲ್ಲೇ ಉಳಿಯುತ್ತದೆ, ಮಿಕ್ಕಿದ್ದು ಮೈಗೆ ಮರಳುತ್ತದೆ. ಗಂಟೆಗೂ ಮಿಕ್ಕಿ ಮಲಗಿರಬೇಕು. ಅದನ್ನು ಬಹಳ ದಿನ ತೆಗೆದಿಡಲೂ ಬರುವುದಿಲ್ಲ. ಊರಿನಿಂದ ಬಂದವರಿಗೆ ಇಲ್ಲಿ ಯಾರು ಗೊತ್ತು? ಹಾಗಾಗಿ ಇಲ್ಲಿಯ ಕನ್ನಡದ ಮಂದಿಯನ್ನು ಒಟ್ಟು ಮಾಡಿ, ಯಾರ ಗುಂಪು ಯಾವುದು, ಯಾರು ಕೊಟ್ಟು ಎಷ್ಟು ದಿನವಾಯಿತು ಎಂದು ನೋಡಿ, ಸರದಿಯ ಪ್ರಕಾರ ಸಂದೇಶ ಕಳಿಸುವ ಒಂದು ಪ್ರೋಗ್ರಾಮನ್ನು ಚಾಚಾ ಬರೆದಿದ್ದರು. ನೀಲಿ ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪು ಮಾಡಿ ನಡೆಸುವ ಪವರ್‌ಶೆಲ್ ಅವರ ಭಾಷೆ. ಅದರಲ್ಲಿ ಗುಂಡಿ ಇಲ್ಲ, ಬಣ್ಣದ ಚಿತ್ರ ಇಲ್ಲ. ಎರಡೇ ಬೆರಳಿನಿಂದ ಟೈಪು ಮಾಡುತ್ತಿದ್ದರು, ಬೆಂದ ಆಲೂಗಡ್ಡೆ ಚುಚ್ಚಿ ನೋಡುವವರ ಹಾಗೆ.

ನನಗೂ ಆಫೀಸಿನಲ್ಲಿ ಅಂಥದೇ ಕೆಲಸ. ಮಂದಿ ಹೆಚ್ಚಾದಂತೆ ಅವರಿಗೆ ಜೊತೆಗೊಬ್ಬರು ಬೇಕಾಗಿತ್ತು, ಯಾರೋ ನನ್ನ ಹೆಸರು ಹೇಳಿದ್ದರು. ಮೊದಲ ವಾರ ಅವರು ನನಗೆ ಕೊಟ್ಟದ್ದು ಸಣ್ಣ ಕೆಲಸ: ದಾನಿಗಳನ್ನು ಓದಿ ಒಂದು ಪಟ್ಟಿಗೆ ಹಾಕು. ನಾನು ಕಾಲೇಜಿನಲ್ಲಿ ಕಲಿತಂತೆ ಸಾದಾ ಪಟ್ಟಿ ಮಾಡಿ, ಒಬ್ಬೊಬ್ಬರನ್ನೇ ಕೂಡಿಸುವ ಗುರುತು ಹಾಕಿ ಸೇರಿಸಿದೆ. ನಡೆಯಿತು, ಆದರೆ ತೆವಳಿಕೊಂಡು ನಡೆಯಿತು. ಚಾಚಾ ಚಹಾ ಕುಡಿದು ಮುಗಿಸಿ, ಬಸಿಯನ್ನೂ ಒಳಗಿಟ್ಟು ಬಂದರು. ಇನ್ನೂ ನಡೆದೇ ಇತ್ತು.

“ಸಾಲು ಕೋಲಿಯ ಚಾಳಕ್ಕ ಒಬ್ಬ ಹೊಸಾ ಬಾಡಿಗಿಯವ ಬಂದ ಅಂತ ತಿಳಿ,” ಅಂದರು. “ಇದ್ದ ಮಂದೀನ್ನೆಲ್ಲಾ ಹೊರಗ ಹಾಕಿ, ಮಗ್ಗಲಿಗೆ ಒಂದು ಕೋಲಿ ಹೆಚ್ಚಿಗಿ ಇರೂ ಹಂತಾ ಹೊಸಾ ಚಾಳ ಕಟ್ಟಿ, ಎಲ್ಲಾರನ್ನೂ ಅದರಾಗ ಕೂಡಿಸಿ, ಹಳೇದನ್ನ ಕೆಡವಿದಿ. ಮತ್ತೊಬ್ಬ ಬಂದಾನ. ಮತ್ತೊಂದು ಚಾಳ ಕಟ್ಟಾಕತ್ತೀ. ಎಷ್ಟು ಕಟ್ಟತೀಯವ್ವಾ?”

ಆಮೇಲೆ ತಮ್ಮ ರೀತಿ ತೋರಿಸಿದರು. ಪಟ್ಟಿ ಹುಟ್ಟುವಾಗಲೇ ಚೌಕ ಕಂಸದೊಳಗೆ ಅದರ ಜಾತಿ ಬರೆಯಬೇಕು: ಇದು ಅಕ್ಷರಗಳ ಪಟ್ಟಿ, ಇದು ಅಂಕಿಗಳದು, ಇದು ದಾನಿಗಳದು. ಪುಸ್ತಕದಲ್ಲಿ ಇದಕ್ಕೆ ಜೆನೆರಿಕ್ ಕಲೆಕ್ಷನ್ ಎನ್ನುತ್ತಾರೆ. ಅಂಥ ಪಟ್ಟಿ ತಾನಿದ್ದಲ್ಲೇ ಬೆಳೆಯುತ್ತದೆ, ಬೇರೆ ಜಾತಿಯದನ್ನು ತಂದರೆ ಕೆಂಪು ಅಕ್ಷರದಲ್ಲಿ ಬೈದು ಬಾಗಿಲಲ್ಲೇ ನಿಲ್ಲಿಸುತ್ತದೆ. ಲೋಕಲ್ಲಿನ ಲೇಡೀಸ್ ಡಬ್ಬಾ ನೆನೆಸಿಕೋ ಅನ್ನುತ್ತಿದ್ದರು. ಗಾಡಿ ಯಾರ್ಡಿನಿಂದ ಖಾಲಿ ಹೊರಡುವಾಗಲೇ ಅದರ ಮೇಲೆ ಬರೆದಿರುತ್ತದೆ, ಕುರ್ಲಾದಲ್ಲಿ ಮಂದಿ ನುಗ್ಗಿದ ಮೇಲೆ ಬರೆಯುವುದಿಲ್ಲ. “ಖಾಲಿ ಇದ್ದಾಗನ ಹೇಳಿಬಿಡಬೇಕು, ಇದರಾಗ ಏನು ಕೂಡೂದು ಅಂತ. ತುಂಬಿದ ಮ್ಯಾಲ ಹೇಳಿದ್ರ ಜಗಳ.”

ಚಾಚಿ ಮೆಂತ್ಯದ ಕಡ್ಡಿಯನ್ನು ಪುಟ್ಟಿಗೆ ಎಸೆಯುತ್ತ ನನಗೆ ಹೇಳಿದರು: “ಅಡಗಿಮನ್ಯಾಗ ಸಕ್ಕರಿ ಡಬ್ಬಿ ಯಾವದು ಉಪ್ಪಿನ ಡಬ್ಬಿ ಯಾವದು ಇವ್ರಿಗೆ ಇವತ್ತಿನ ತನಕಾ ಗೊತ್ತಿಲ್ಲ. ಶಿಸ್ತೆಲ್ಲಾ ಆ ಪೆಟ್ಟಿಗ್ಯಾಗ.”

ಇನ್ನೊಂದು ವಾರ ನಾನು ಫೋನ್ ನಂಬರುಗಳಿಗೆಂದು ಅಂಕಿಗಳ ಪಟ್ಟಿ ಮಾಡಿದೆ. ಮೊದಲ ನಂಬರಿಗೇ ಪರದೆ ಕೆಂಪಾಯಿತು, ಅಷ್ಟು ದೊಡ್ಡ ಅಂಕಿ ಅದರಲ್ಲಿ ಹಿಡಿಸುವುದಿಲ್ಲ. ದೊಡ್ಡ ಅಂಕಿ ಹಿಡಿಸುವ ಜಾತಿ ಹುಡುಕಲು ಹೊರಟೆ. ಚಾಚಾ ತಡೆದರು. ಒಬ್ಬರ ಫೋನ್ ನಂಬರನ್ನು ಇನ್ನೊಬ್ಬರ ಫೋನ್ ನಂಬರಿಗೆ ಎಂದಾದರೂ ಕೂಡಿಸುತ್ತೀಯಾ, ಎರಡರಿಂದ ಭಾಗಿಸುತ್ತೀಯಾ ಎಂದು ಕೇಳಿದರು. ಇಲ್ಲ ಅಂದೆ. “ಹಂಗಾರ ಅದು ಅಂಕಿ ಅಲ್ಲ. ಅಂಕಿ ವೇಷ ಹಾಕಿದ ಹೆಸರು. ಕೂಡಸಲಾರದ್ದು, ಕಳೀಲಾರದ್ದು ಎಲ್ಲಾ ಹೆಸರು ಬೇಟಾ.” ಈ ಮಾತನ್ನು ನಾನು ಆಫೀಸಿನಲ್ಲಿ ಹೊಸಬರಿಗೆ ಇವತ್ತಿಗೂ ಹೇಳಿಕೊಡುತ್ತೇನೆ, ನನ್ನದೇ ಮಾತೆಂಬಂತೆ.

ಲಿಫ್ಟಿನ ತರುಣನ ವಿಷಯಕ್ಕೆ ಬರುತ್ತೇನೆ. ಅವನ ತಂದೆ ತಾಯಿ ಬೆಳಗಾವಿಯವರು. ಅವನು ಓದಿದ್ದು ಭಾಂಡುಪಿನ ಮರಾಠಿ ಶಾಲೆಯಲ್ಲಿ. ಕನ್ನಡ ಆಡುತ್ತಾನೆ, ಒಂದು ಮಾತು ಕನ್ನಡ ಒಂದು ಮಾತು ಹಿಂದಿ, ಓದಲು ಬರುವುದಿಲ್ಲ. ಚಾಚಾ ಅವರ ಹಳೆಯ ದಾನಿಗಳಲ್ಲಿ ಅವನೊಬ್ಬ. ಭಾನುವಾರ ಡ್ಯೂಟಿ ಇಲ್ಲದಿದ್ದರೆ ಚೆಂಬೂರಿಗೆ ಬಂದು, ಚಾಚಿಯ ಮಿಕ್ಸರನ್ನೋ ಕದದ ಕೊಂಡಿಯನ್ನೋ ಸರಿಮಾಡಿ, ಚಾಚಾ ಜೊತೆ ಕೂತು ಹರಟೆ ಹೊಡೆದು ಹೋಗುತ್ತಿದ್ದ. ಅವನಿಗೆ ಅಪ್ಪ ಬೇಗ ಹೋಗಿದ್ದರು. ಚಾಚಾ ಬೈಯುವುದನ್ನು ಅವನು ಪ್ರಸಾದದಂತೆ ಕೇಳಿಸಿಕೊಳ್ಳುತ್ತಿದ್ದ.

ಅವನ ದೆಸೆಯಿಂದಲೇ ಪ್ರೋಗ್ರಾಮಿನಲ್ಲಿ ಒಂದು ಗೋಡೆ ಎದ್ದಿತ್ತು. ಅದನ್ನು ಚಾಚಿ ನನಗೆ ಹೇಳಿದ್ದು. ಮೊದಲು ಚಾಚಾ ದಾನಿಗಳನ್ನೂ ರೋಗಿಗಳನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತಿದ್ದರಂತೆ. ಸಂದೇಶದಲ್ಲಿ ಎರಡೂ ಕಡೆಯವರ ಹೆಸರು, ಫೋನು ಇರುತ್ತಿತ್ತು. ಇಂಡಿ ಕಡೆಯ ಒಬ್ಬ ಶಾಲೆ ಮಾಸ್ತರರು ಮಗನನ್ನು ಕರೆದುಕೊಂಡು ಬಂದಿದ್ದರು. ಆ ಹುಡುಗನಿಗೆ ಪ್ಲೇಟ್‌ಲೆಟ್ ಕೊಟ್ಟವನು ನಮ್ಮ ಲಿಫ್ಟಿನವನು. ಮಾಸ್ತರರು ವಿಳಾಸ ಕೇಳಿಕೊಂಡು ಭಾಂಡುಪಿನ ಅವನ ಕೋಲಿಗೆ ಹೋದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ, ಓಣಿಯ ಮಂದಿಯೆಲ್ಲ ನೋಡುತ್ತಿದ್ದಂತೆ ಅವನ ಕಾಲಿಗೆ ಬಿದ್ದರು. ತನ್ನ ಅಪ್ಪನ ವಯಸ್ಸಿನವರು. ಅಲ್ಲಿಂದ ಮುಂದೆ ಮಾಸ್ತರರು ಚಾಚಾ ಅವರನ್ನು ಕೇಳದೆ ನೇರ ಅವನಿಗೇ ಫೋನು ಮಾಡತೊಡಗಿದರು. ಇವನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಎರಡು ದಾನಗಳ ನಡುವೆ ಬಿಡಬೇಕಾದ ಅವಧಿ ಮುಗಿಯುವ ಮೊದಲೇ ಕೊಟ್ಟ. ಒಮ್ಮೆ ಜ್ವರ ಬಂದಿತ್ತು. ಗುಳಿಗೆ ನುಂಗಿ, ಮುಚ್ಚಿಟ್ಟುಕೊಂಡು ಹೋದ. ಬ್ಲಡ್ ಬ್ಯಾಂಕಿನವರು ತಪಾಸಣೆ ಮಾಡುವ ಮೊದಲೇ ಬೆಂಚಿನ ಮೇಲೆ ಬವಳಿ ಬಂದು ಬಿದ್ದ. ಮಾಸ್ತರರು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತರಂತೆ. ಇದರಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಅವನನ್ನು ಟ್ಯಾಕ್ಸಿಯಲ್ಲಿ ಮನೆ ಮುಟ್ಟಿಸಿ ಬಂದ ಚಾಚಾ ಮರುದಿನ ಪ್ರೋಗ್ರಾಮನ್ನೆಲ್ಲ ಬಿಚ್ಚಿ ಎರಡು ಪಾಲು ಮಾಡಿದರು. ‘ದಾನಿ’ ಎಂದು ಒಂದು ಜಾತಿ, ‘ರೋಗಿ’ ಎಂದು ಇನ್ನೊಂದು. ದಾನಿಗಳ ಪಟ್ಟಿ ದಾನಿಯನ್ನಷ್ಟೇ ಒಳಗೆ ಬಿಡುತ್ತದೆ, ರೋಗಿಗಳದು ರೋಗಿಯನ್ನಷ್ಟೇ. ರೋಗಿಗೆ ಹೆಸರೇ ಇಲ್ಲ. ಆಸ್ಪತ್ರೆಯ ಕೇಸ್ ನಂಬರು, ರಕ್ತದ ಗುಂಪು, ದಾನಿಗೆ ಕಾಣದ ಒಂದು ಫೋನ್ ನಂಬರು, ಅಷ್ಟೇ. ದಾನಿಗೆ ಹೋಗುವುದು ಆ ನಂಬರು ಮಾತ್ರ. ಕೊಟ್ಟು, ಬಿಸ್ಕತ್ತು ತಿಂದು, ಮನೆಗೆ ಹೋಗಬೇಕು. ಇದರ ಬಗ್ಗೆ ನಾನು ಕೇಳಿದಾಗ ಚಾಚಾ ಅಂದದ್ದು ನನಗೆ ಮಾತು ಮಾತಿಗೂ ನೆನಪಿದೆ:

“ಕೊಟ್ಟವಗ ಯಾರಿಗೆ ಹೋತು ಗೊತ್ತಾಗಬಾರದು. ತಗೊಂಡವಗ ಯಾರದು ಗೊತ್ತಾಗಬಾರದು. ಗೊತ್ತಾತು ಅಂದ್ರ ಹಂಗು ಹುಟ್ಟತದ. ಹಂಗು ಹುಟ್ಟಿದ ಮನ್ಯಾಗ ಒಲ್ಲೆ ಅನ್ನೂ ಮಾತು ಸಾಯತದ. ಒಲ್ಲೆ ಅನ್ನಾಕ ಬರಲಾರದವ ಕೊಟ್ಟದ್ದು ದಾನ ಅಲ್ಲವ್ವಾ.”

ಲಿಫ್ಟಿನವನು ಕಟ್ಟೆಯ ಮೇಲಿಂದ, “ಚಾಚಾ ಮುಝೆ ನಂಬರ್ ಮಾಡಿ ಇಟ್ಟಾರ ದೀದಿ, ರೇಶನ್ ಕಾರ್ಡಿನ ಗತಿ,” ಎಂದು ನಕ್ಕಿದ್ದ.

ಪಟ್ಟಿಯಿಂದ ನಂಬರು ತೆಗೆಯುವ ಕೆಲಸವೂ ಇತ್ತು. ರೋಗಿಗಳಲ್ಲಿ ಕೆಲವರು ಗುಣವಾಗಿ ಊರಿಗೆ ಹೋಗುತ್ತಿದ್ದರು, ಕೆಲವರು ಹೋಗುತ್ತಿರಲಿಲ್ಲ. ಅದನ್ನು ಚಾಚಾ ಬಹುಕಾಲ ನನಗೆ ಕೊಡಲಿಲ್ಲ. ಕೊಟ್ಟ ದಿನ ನಾನು ಪಟ್ಟಿಯಲ್ಲಿ ಒಬ್ಬೊಬ್ಬರನ್ನೇ ನೋಡುತ್ತ, ತೀರಿಹೋದವರು ಬಂದಾಗ ಅಲ್ಲಲ್ಲೇ ತೆಗೆಯುವಂತೆ ಬರೆದೆ. ಒಬ್ಬರನ್ನು ತೆಗೆದದ್ದೇ ಪ್ರೋಗ್ರಾಮು ನಿಂತುಬಿಟ್ಟಿತು. ನಡೆದು ನೋಡುತ್ತಿರುವ ಪಟ್ಟಿಯನ್ನು ನಡುದಾರಿಯಲ್ಲಿ ಬದಲಾಯಿಸಿದರೆ ಆ ಭಾಷೆ ಒಪ್ಪುವುದಿಲ್ಲ. ಮೊದಲು ಎಲ್ಲರನ್ನೂ ನೋಡು, ಹೋದವರನ್ನು ಬೇರೊಂದು ಪಟ್ಟಿಗೆ ಬರೆದುಕೋ, ಆಮೇಲೆ ತೆಗೆ ಎಂದು ಚಾಚಾ ಸರಿಮಾಡಿಕೊಟ್ಟರು. ತೆಗೆಯುವ ಹೊತ್ತಿಗೆ ಕೈ ಎತ್ತಿ, ತುಟಿಯಲ್ಲೇ ಏನೋ ಹೇಳಿಕೊಂಡು, ಎಂಟರ್ ಒತ್ತಿದರು. ಆ ನಂಬರಿನವರ ಹೆಸರಾಗಲೀ ಊರಾಗಲೀ ಅವರಿಗೆ ಗೊತ್ತಿರಲಿಲ್ಲ.

ಚಾಚಾ ಅವರ ಕಾಯಿಲೆ ಗೊತ್ತಾದದ್ದು ಅವರು ದಾನ ಕೊಡಲು ಹೋದಾಗಲೇ. ಸರದಿ ಬಂದಿತ್ತು, ಹೋದರು. ಕೊಡುವ ಮೊದಲು ದಾನಿಯ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಅದರಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂತು. ಡೆಂಗ್ಯು ಇರಬಹುದು, ವಿಶ್ರಾಂತಿ ತಗೊಳ್ಳಿ ಅಂದರು. ಎರಡನೆಯ ಸಲ ಹೋದಾಗ ಇನ್ನೂ ಕಡಿಮೆ. ತೋಳಿನ ಮೇಲೆ ಎಲ್ಲೂ ತಾಗದೆಯೇ ನೀಲಿ ಕಲೆಗಳು ಏಳತೊಡಗಿದ್ದವು. ಬ್ಲಡ್ ಬ್ಯಾಂಕಿನ ಹುಡುಗಿ ಇವರನ್ನು ಬಹಳ ವರ್ಷದಿಂದ ಬಲ್ಲವಳು. ಮೇಲಿನ ಡಾಕ್ಟರರ ಹತ್ತಿರ ತಾನೇ ಕರೆದುಕೊಂಡು ಹೋದಳು. ಅಲ್ಲಿಂದ ಮಾತು ಬೇರೆಯಾಯಿತು. ಮೂಳೆಯ ಒಳಗಿನ ಮಜ್ಜೆಯೇ ಕೆಟ್ಟಿತ್ತು. ಔಷಧ ಕೊಟ್ಟು ನೋಡೋಣ, ಅಷ್ಟರವರೆಗೆ ಹೊರಗಿನಿಂದ ಪ್ಲೇಟ್‌ಲೆಟ್ ಕೊಡುತ್ತ ಹೋಗಬೇಕು ಎಂದರು. ಸಿಕ್ಕರೆ ದಿನಗಳು, ಸಿಗದಿದ್ದರೆ ಒಳಗೇ ರಕ್ತ ಸೋರಲು ಒಂದು ಹೊತ್ತು ಸಾಕು.

ಚಾಚಾ ನನ್ನನ್ನು ಮನೆಗೆ ಕರೆಸಿ ತಮ್ಮ ಕೇಸ್ ನಂಬರು ಕೊಟ್ಟರು. ನಾನು ರೋಗಿಗಳ ಕಡೆ ಅವರನ್ನು ಹಾಕಲು ಹೋದೆ. ಪರದೆ ಕೆಂಪಾಯಿತು. ಒಂದು ಫೋನ್ ನಂಬರಿನವರು ಎರಡೂ ಕಡೆ ಇರಬಾರದೆಂದು ಅವರೇ ಹಾಕಿದ್ದ ತಡೆ ಅದು. ಇದ್ದ ದಾನಿಯನ್ನೇ ಎತ್ತಿ ಆಚೆಗಿಡಲು ನೋಡಿದೆ. ಜಾತಿ ಬೇರೆ, ಅದಕ್ಕೂ ಬೈಯಿತು. ಚಾಚಾ ಕನ್ನಡಕ ಮೇಲಕ್ಕೆತ್ತಿ ಪರದೆ ನೋಡಿದರು. ಅವರಿಗೆ ನಗು ಬಂತು. ಕೊಡುವವನು ಒಂದು ದಿನ ಬೇಡುವವನಾಗಬಹುದು ಎಂಬುದು ಬರೆಯುವಾಗ ಅವರ ಮನಸ್ಸಿಗೇ ಹೊಳೆದಿರಲಿಲ್ಲ.

“ನೋಡಿದ್ಯಾ, ಇಷ್ಟು ವರ್ಷ ಪ್ರೋಗ್ರಾಮ್ ಬರದವ,” ಅಂದರು, “ತನ್ನನ್ನ ಒಬ್ಬನ್ನ ಬಿಟ್ಟು ಬರದಾನ.”

ಜಾತಿಯ ಕಟ್ಟನ್ನೇ ಸಡಿಲಿಸಿಬಿಡುತ್ತೇನೆ, ಯಾವುದು ಬಂದರೂ ತಗೊಳ್ಳುವ ಪಟ್ಟಿ ಮಾಡಿದರೆ ಒಂದು ಸಾಲಿನ ಕೆಲಸ ಅಂದೆ. ಅವರ ನಗು ನಿಂತಿತು. “ನಕೋ ಬೇಟಾ. ನನಗ ತ್ರಾಸ ಆತು ಅಂತ ಗ್ವಾಡಿ ಕೆಡವಬ್ಯಾಡ. ಆ ಕಡಿಂದ ನನ್ನ ತಗಿ. ಈ ಕಡೆ ಹೊಸಾದಾಗಿ ಬರಿ.”

ದಾನಿಗಳ ಪಟ್ಟಿಯಲ್ಲಿ ಅವರದು ಮೊದಲ ಹೆಸರು. ತೆಗೆದೆ. ಆಗ ಅವರು ಪರದೆಯನ್ನು ನೋಡಲಿಲ್ಲ. ಹೊರಗೆ ಕಾಲನಿಯ ಗೇಟಿನಲ್ಲಿ ತರಕಾರಿ ಗಾಡಿಯವನು ಚಾಚಿಯ ಜೊತೆ ಚೌಕಾಸಿ ಮಾಡುವುದನ್ನು ನೋಡುತ್ತ ಕೂತರು.

ಆಸ್ಪತ್ರೆಗೆ ಸೇರುವ ಮೊದಲು, ಯಾರಿಗೂ ಹೇಳಬಾರದು ಎಂದರು. ಕೇಳಿದವರಿಗೆ ವಿಜಯಪುರದಲ್ಲಿ ಮನೆ ಕೆಲಸವಿದೆ, ಊರಿಗೆ ಹೋಗಿದ್ದಾರೆ ಅನ್ನಬೇಕು. ಲಿಫ್ಟಿನವನು ಎರಡು ಭಾನುವಾರ ಬಂದು ಬೀಗ ನೋಡಿ ಹೋದ. ನನಗೆ ಫೋನು ಮಾಡಿ, ಚಾಚಾ ಊರಲ್ಲಿ ನೆಟ್‌ವರ್ಕ್ ಇಲ್ಲೇನು ಎಂದು ಕೇಳಿದ. ಇಲ್ಲ ಅಂದೆ.

ಮೊದಮೊದಲು ಸರದಿಯ ಪ್ರಕಾರ ಜನ ಸಿಕ್ಕರು, ಒಬ್ಬರಾದ ಮೇಲೆ ಒಬ್ಬರು, ನಂಬರು ನೋಡಿ ಬಂದು ಕೊಟ್ಟು ಹೋದರು. ಗಣಪತಿ ಹಬ್ಬದ ಹೊತ್ತಿಗೆ ಕಷ್ಟವಾಯಿತು. ಅರ್ಧ ಮಂದಿ ಊರಿಗೆ ಹೋದರು. ಮನೆಮನೆಗೂ ಡೆಂಗ್ಯು, ಇದ್ದ ದಾನಿಗಳೇ ಜ್ವರದಲ್ಲಿ ಮಲಗಿದ್ದರು. ಚಾಚಾ ಅವರ ಒಸಡಿನಿಂದ ರಕ್ತ ಬರುತ್ತಿತ್ತು, ದಿಂಬಿನ ಮೇಲೆ ಟವೆಲು ಹಾಸಿದ್ದರು. ನಾನು ಕಳಿಸಿದ ಸಂದೇಶಕ್ಕೆ ಎರಡು ದಿನ ಯಾರೂ ಹೂಂ ಅನ್ನಲಿಲ್ಲ.

ಚಾಚಿ ಫೋನು ಮಾಡಿದರು. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಅವರು ವಾರ್ಡಿನ ಹೊರಗೆ ಅಲ್ಲ, ಚಾಚಾ ಮಂಚದ ಪಕ್ಕದಲ್ಲೇ ನಿಂತು ಮಾತು ತೆಗೆದರು, ಗಂಡನಿಗೆ ಕೇಳಲೆಂದೇ, ಕನ್ನಡದಲ್ಲಿ.

“ಬೇಟಿ, ಇವ್ರ ಹೆಸರ ಹಾಕು. ಇವ್ರದ ಫೋಟೋ ಹಾಕು. ಚೆಂಬೂರದಿಂದ ಭಾಂಡುಪ್ ತನಕಾ ಎಷ್ಟು ಮಂದಿ ಇವ್ರ ಚಾ ಕುಡದಾರ, ಎಲ್ಲಾರೂ ಓಡಿ ಬರ್ತಾರ.”

ನಾನು ಚಾಚಾ ಮುಖ ನೋಡಿದೆ. ಅವರು ಬಾಯಲ್ಲಿದ್ದ ಹತ್ತಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಬರ್ತಾರ,” ಅಂದರು. “ಓಡಿ ಬರ್ತಾರ. ನನಗ ಬೇಕಾದದ್ದು ಇವತ್ತ ಒಬ್ಬ. ಹತ್ತು ಮಂದಿ ಬಂದು ಕೊಡ್ತೀನಿ ಕೊಡ್ತೀನಿ ಅಂತ ನನ್ನ ಸಲುವಾಗಿ ತೋಳು ಕಾಯ್ದಿಟಗೊಂಡು ಕೂಡ್ತಾರ. ಆ ಕಾಟಿನ ಮ್ಯಾಲಿನ ಹುಡಿಗಿಗೆ ಯಾರ ಬರ್ತಾರ?”

ಪಕ್ಕದ ಮಂಚದಲ್ಲಿ ತಲೆಗೂದಲು ಉದುರಿದ ಒಬ್ಬ ಹುಡುಗಿ ತಾಯಿಯ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಅವಳ ನಂಬರೂ ನಮ್ಮ ಪಟ್ಟಿಯಲ್ಲಿತ್ತು.

“ಆ ಹುಡಿಗಿನ್ನ ದೇವರು ಚೊಲೋ ಇಡಲಿ,” ಅಂದರು ಚಾಚಿ. “ನಾ ಬ್ಯಾಡ ಅಂದೇನು? ಆದ್ರ ನನಗ ನೀವ ಬೇಕು. ನಿಮ್ಮ ನ್ಯಾಯ ಕಟಗೊಂಡು ನಾ ಆ ಮನ್ಯಾಗ ಹೆಂಗ ಕೂಡಲಿ ಹೇಳ್ರಿ.”

ಚಾಚಾ ಕೈ ನೀಡಿ ಚಾಚಿಯ ಸೆರಗಿನ ಅಂಚು ಹಿಡಿದುಕೊಂಡರು. ನನಗೆ, “ಮತ್ತೊಮ್ಮೆ ಓಡಸು,” ಅಂದರು. ಪ್ರೋಗ್ರಾಮನ್ನು.

ಹೊರಗಿನ ಪಡಸಾಲೆಯಲ್ಲಿ, ಮಂದಿಯ ಚೀಲಗಳ ನಡುವೆ ನೆಲದ ಮೇಲೆ ಕೂತು ಲ್ಯಾಪ್‌ಟಾಪು ತೆರೆದೆ. ಚಾಚಾ ಅವರ ರಕ್ತದ ಗುಂಪಿನಲ್ಲಿ ಸರದಿ ಮುಟ್ಟಿದವರು, ಅವಧಿ ಮುಗಿದವರು, ಜ್ವರವಿಲ್ಲದವರು ಎಂದು ಸೋಸಿದಾಗ ಅವತ್ತಿಗೆ ಹೊಸದಾಗಿ ಒಂದೇ ಹೆಸರು ಮೇಲೆ ಬಂತು. ಭಾಂಡುಪಿನ ಲಿಫ್ಟಿನವನದು. ಅವನ ಅವಧಿ ಆ ಬೆಳಿಗ್ಗೆಯಷ್ಟೇ ಮುಗಿದಿತ್ತು. ಚಾಚಾ ಅವರ ಕೇಸ್ ನಂಬರು ಕಳಿಸಿದೆ. ಕೂತಲ್ಲಿಂದ ಏಳುವ ಮೊದಲೇ ಹಿಂದಿಯಲ್ಲಿ ಉತ್ತರ ಬಂತು: ಡ್ಯೂಟಿಯಲ್ಲಿದ್ದೇನೆ, ಲಿಫ್ಟ್ ಚಾಲೂ ಮಾಡಿ ಹೊರಡುತ್ತೇನೆ.

ಅವನು ಬಂದ. ಬ್ಲಡ್ ಬ್ಯಾಂಕು ಕೆಳಗಿನ ಮಹಡಿಯಲ್ಲಿ. ಮೆಟ್ಟಿಲ ತಿರುವಿನಿಂದ ಗಾಜಿನ ಆಚೆ ಅವನು ಕಾಣುತ್ತಿದ್ದ, ಮಶೀನಿನ ಪಕ್ಕ ಮಲಗಿ ಸ್ಪಂಜಿನ ಚೆಂಡು ಅದುಮುತ್ತಿದ್ದ, ಬೆರಳ ಸಂದಿಯಲ್ಲಿ ಇನ್ನೂ ಗ್ರೀಸು. ಎರಡು ಮಹಡಿ ಮೇಲೆ ಚಾಚಾ. ಒಂದು ಮಾತು ಹೇಳಿದ್ದರೆ ಅವನು ಪಟ್ಟಿ ಕಟ್ಟಿದ ತೋಳಿನಲ್ಲೇ ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದ. ಅವನು ಬಿಸ್ಕತ್ತು ತಿಂದ, ಕಾಗದಕ್ಕೆ ಸಹಿ ಹಾಕಿದ, ಮೇಲೆ ನೋಡದೆ ಗೇಟು ದಾಟಿ ಸ್ಟೇಶನ್ನಿನ ಕಡೆ ಹೋದ. ಅವನಿಗೆ ಕನ್ನಡ ಓದಲು ಬಾರದು ಎಂಬ ಧೈರ್ಯದ ಮೇಲೆಯೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂಜೆ ನರ್ಸು ಚೀಲ ತಂದು ನೇತುಹಾಕಿದಳು. ಪ್ಲೇಟ್‌ಲೆಟ್ ಕೆಂಪಗಿರುವುದಿಲ್ಲ, ಹೊಂಬಣ್ಣ, ಹೊಸ ಬೆಲ್ಲದ ಪಾಕದ ಬಣ್ಣ. ವರ್ಷಗಟ್ಟಲೆ ಕೊಟ್ಟವರು ಚಾಚಾ. ಒಂದು ಚೀಲ ಮನುಷ್ಯನ ಮೇಲೆ ಹೀಗೆ ತೂಗುವುದನ್ನು ಕಾಯಿಲೆ ಬರುವ ತನಕ ನೋಡಿದವರಲ್ಲ. ಪ್ರತಿ ಸಲವೂ ಕೊನೆಯ ಹನಿ ಇಳಿಯುವವರೆಗೆ ನೋಡುತ್ತಿದ್ದರಂತೆ. ಅವತ್ತೂ ನೋಡಿದರು. ಅದು ಯಾರದೆಂದು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಕೇಳಲಿಲ್ಲ.

“ಯಾರೋ ಪುಣ್ಯಾತ್ಮ,” ಅಂದರು ಚಾಚಿ.

“ಹೂಂ,” ಅಂದರು ಚಾಚಾ. “ಯಾರೋ.”

ಅದರಿಂದ ಒಸಡಿನ ರಕ್ತ ನಿಂತಿತು. ಹಬ್ಬ ಮುಗಿದು ಮಂದಿ ವಾಪಸಾದ ಮೇಲೆ ಇನ್ನೂ ಕೆಲವರು ಸಿಕ್ಕರು. ಕೆಲವು ವಾರ ದೊರೆತವು. ಆ ವಾರಗಳಲ್ಲಿ ಒಂದು ದಿನ ಚಾಚಾ ಎದ್ದು ಕೂತು, ಪ್ರೋಗ್ರಾಮಿನ ಇನ್ನೊಂದು ಭಾಗವನ್ನು ನನಗೆ ಕೊನೆಯ ಸಲ ಹೇಳಿಕೊಟ್ಟರು, ದಾನಿಯಾಗಿದ್ದವರು ರೋಗಿಯಾದರೆ ಏನು ಮಾಡಬೇಕು ಎಂಬುದನ್ನು. ದಾನಿಯನ್ನು ಎತ್ತಿಡುವುದಲ್ಲ, ಆ ಮನುಷ್ಯನ ಗುಂಪನ್ನಷ್ಟೇ ತೆಗೆದುಕೊಂಡು ಹೊಸ ರೋಗಿಯನ್ನು ಹುಟ್ಟಿಸುವುದು. ನಾಲ್ಕು ಸಾಲು. ನನ್ನಿಂದ ಟೈಪು ಮಾಡಿಸಿದರು, ಬ್ರ್ಯಾಕೆಟ್ ಎಲ್ಲಿ ಬಿಟ್ಟೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದರು. ಇನ್ನೊಂದು ದಿನ ಚಾಚಿ ಮನೆಯಿಂದ ಹೂರಣದ ಹೋಳಿಗೆ ತಂದಿದ್ದರು, ಅರ್ಧ ತಿಂದರು. ಆಮೇಲೆ ಔಷಧ ಕೆಲಸ ಮಾಡುವುದನ್ನು ಬಿಟ್ಟಿತು. ಪ್ಲೇಟ್‌ಲೆಟ್ ಹಾಕಿದರೂ ಮೈಯಲ್ಲಿ ನಿಲ್ಲದಾಯಿತು. ಒಂದು ಬೆಳಿಗ್ಗೆ, ಡಾಕ್ಟರರು ರೌಂಡಿಗೆ ಬರುವ ಮೊದಲು, ಚಾಚಾ ಹೋದರು.

ಚೆಂಬೂರಿನ ಕಬರಸ್ತಾನಕ್ಕೆ ಬಂದ ಮಂದಿಯನ್ನು ನೋಡಿ ಕಾಲನಿಯ ವಾಚ್‌ಮನ್ ಬೆರಗಾದನಂತೆ. ನಾನು ಹೆಂಗಸರ ಜೊತೆ ಮನೆಯಲ್ಲಿದ್ದೆ. ಚಾಚಿ ಅಳಲಿಲ್ಲ. ಬಂದವರಿಗೆಲ್ಲ ನೀರು ಕೊಡು ಎಂದು ನನಗೆ ಹೇಳುತ್ತಲೇ ಇದ್ದರು.

ನಾನು ಕಲಿತ ವಿದ್ಯೆಯಲ್ಲಿ ಅನ್ನ ಕೊಡುವುದು ಎಷ್ಟಿದೆಯೋ ಅಷ್ಟೂ ಚಾಚಾ ಕೊಟ್ಟದ್ದು. 

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಚಾಚಿ ನನ್ನನ್ನು ಕರೆದು, ಭಾನುವಾರದ ಕೆಲಸ ಇಲ್ಲೇ ಬಂದು ಮಾಡು, ಆ ಮೇಜು ಖಾಲಿ ನೋಡಲಾರೆ ಅಂದರು. ಹೋಗತೊಡಗಿದೆ. ಎರಡನೆಯ ಭಾನುವಾರ ಲಿಫ್ಟಿನವನು ಬಂದ. ಕಟ್ಟೆಯ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ನಿಂತ. ಚಾಚಿ ಒಳಗೆ ಚಹಾಕ್ಕಿಟ್ಟರು.

“ದೀದಿ, ನನ್ನ ಗ್ರೂಪ್, ಚಾಚಾಂದ ಗ್ರೂಪ್ ಒಂದ ಐತಿ,” ಅಂದ. “ನಿಮಗ ಮಾಲೂಮ್ ಇತ್ತು. ಊರಿಗೆ ಹೋಗ್ಯಾರ ಅಂತ ಹೇಳಿದ್ರಿ.”

ನಾನು ಲ್ಯಾಪ್‌ಟಾಪಿನಿಂದ ಕೈ ತೆಗೆದೆ.

“ಯಾರ್‍ಯಾರಿಗೋ ಕೊಟ್ಟೇನಿ. ಗಣಪತಿ ಟೈಮಿಗೆ ಡ್ಯೂಟಿ ಬಿಟ್ಟು ಹೋಗಿ ಯಾರಿಗೋ ಕೊಟ್ಟು ಬಂದೆ. ಅವಾಗ ಚಾಚಾ ಅದ ಬಿಲ್ಡಿಂಗಿನ್ಯಾಗ ಮ್ಯಾಲ ಮಲಗಿದ್ರು. ಹೌದಿಲ್ಲೋ? ಅವ್ರಿಗೆ ಕೊಡಬೇಕಿತ್ತು ಅದು. ನನ್ನ ಕೈಲೆ ಅವ್ರಿಗೆ ಒಂದ ಸಲಾನೂ ಆಗಲಿಲ್ಲ.” ಅವನು ಕದದ ಕೊಂಡಿಯ ಮೇಲೆ ಕೈ ಇಟ್ಟ. “ನನ್ನ ನಂಬರ್ ತಗದಬಿಡ್ರಿ. ಇನ್ನ ನನಗ ಆಗೂದಿಲ್ಲ.”

ಹೇಳಿಬಿಡಲು ನನಗೆ ಒಂದೇ ವಾಕ್ಯ ಬೇಕಾಗಿತ್ತು. ಅದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಒಲ್ಲೆ ಅನ್ನುವ ಹಕ್ಕು ಅವನದು. ಅವನು ಒಲ್ಲೆ ಅನ್ನುತ್ತಿದ್ದ. ನಾನು ಲ್ಯಾಪ್‌ಟಾಪು ಅವನ ಕಡೆ ತಿರುಗಿಸಿ, ಅವನ ನಂಬರು ಹುಡುಕಿ, ಅವನೆದುರೇ ತೆಗೆದೆ. ಅವನು ನೋಡಿದ. ತಲೆ ಆಡಿಸಿ, ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಚಾಚಿ ಮೂರು ಕಪ್ಪು ಹಿಡಿದುಕೊಂಡು ಹೊರಗೆ ಬಂದರು. ಖಾಲಿ ಬಾಗಿಲು ನೋಡಿ, “ಹೋದನೇನು? ಚಾ ಕುಡೀಲಾರದ?” ಅಂದರು.

ಹೋದ ಅಂದೆ.